ನಮ್ಮ ತಿಂಡಿಗಳ ಹೆಸರು, ಹುಟ್ಟು ಮತ್ತು ಹಳೇ ಅಡುಗೆ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಉತ್ತರ ಕನ್ನಡ ಜಿಲ್ಲೆ: ಕಾರವಾರದಿಂದ ಭಟ್ಕಳದ ತನಕ ಕರಾವಳಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಇಷ್ಟೇ ಜಾಗದಲ್ಲಿ ಒಂದೇ ಹಣ್ಣಿಗೆ ಮೂರು ಹೆಸರು, ಒಂದೇ ಹೆಸರಿಗೆ ಎರಡು ತಿಂಡಿ ಸಿಗುತ್ತವೆ. ಊಟದ ಪಂಕ್ತಿಯಲ್ಲಿ, ಮದುವೆಮನೆಯ ಅಡುಗೆ ಚಪ್ಪರದಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಓದುವ ಮೊದಲು ಒಂದು ವಿಷಯ ನೆನಪಿರಲಿ. ಹೆಸರಿನ ವಯಸ್ಸು ಬೇರೆ, ತಿಂಡಿಯ ವಯಸ್ಸು ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಬೇರೆ ಬೇರೆ ರೀತಿಯಲ್ಲಿ ಬರುತ್ತದೆ.

ಕನ್ನಡದ ಹಳೇ ಅಡುಗೆ ಪುಸ್ತಕ ಯಾವುದು?

ಎರಡು ಹೆಸರು ಹೇಳಬೇಕು. ಮೊದಲನೆಯದು ‘ಲೋಕೋಪಕಾರ’. ಇಮ್ಮಡಿ ಚಾವುಂಡರಾಯ 1025ರಲ್ಲಿ ಬರೆದದ್ದು. ಅದು ಬರೀ ಅಡುಗೆಯ ಪುಸ್ತಕ ಅಲ್ಲ. ಮಳೆ, ಬಾವಿ, ಗಿಡಮರ, ಔಷಧಿ ಎಲ್ಲ ಇದೆ, ನಡುವೆ ಅಡುಗೆಗೂ ಒಂದು ಅಧ್ಯಾಯ ಇದೆ. ಎರಡನೆಯದು ಮೂರನೇ ಮಂಗರಸನ ‘ಸೂಪಶಾಸ್ತ್ರ’, 1508ರದ್ದು. ಇದು ಪೂರ್ತಿ ಅಡುಗೆಯದ್ದೇ, ಅದೂ ಷಟ್ಪದಿಯಲ್ಲಿ. ಮಂಗರಸ ಜೈನ. ಹಾಗಾಗಿ ಎಲ್ಲವೂ ಸಸ್ಯಾಹಾರ.

ಘಟ್ಟದ ಮೇಲಿನವರು ಸೂಪಶಾಸ್ತ್ರ ಓದಿದರೆ ಪರಿಚಯದ ಮನೆಗೆ ಹೋದ ಹಾಗಾಗುತ್ತದೆ. ಬದನೆಗೆ ಬೇರೆ ಜಾಗ, ಬಾಳೆ ಮತ್ತು ಹಲಸಿಗೆ ಬೇರೆ ಜಾಗ, ಕಳಲೆಗೂ ಜಾಗ ಇದೆ. ಮಳೆಗಾಲದಲ್ಲಿ ಬಿದಿರಿನ ಮೊಳಕೆ ತಂದು, ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕಿ, ಆಮೇಲೆ ಪಲ್ಯ ಮಾಡುವ ಮನೆಗಳು ಶಿರಸಿ ಕಡೆ ಈಗಲೂ ಎಷ್ಟೋ ಇವೆ ಅಲ್ವಾ? ಆ ನೀರು ಬದಲಿಸುವುದು ಸುಮ್ನೆ ಅಲ್ಲ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಅದು ನೀರಿನಲ್ಲಿ ಬಿಟ್ಟು ಹೋಗಬೇಕು.

ಕನ್ನಡ ನಾಡಿನಲ್ಲಿ ಹುಟ್ಟಿ ಸಂಸ್ಕೃತದಲ್ಲಿ ಬರೆದ ಎರಡು ದೊಡ್ಡ ಗ್ರಂಥಗಳಲ್ಲೂ ಅಡುಗೆ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದ್ದು. ಅದರಲ್ಲಿ ಮೀನು, ಮಾಂಸ ಧಾರಾಳವಾಗಿ ಇದೆ. ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ 18ನೇ ಶತಮಾನದ ಮೊದಲ ವರ್ಷಗಳದ್ದು. ಕೆಳದಿಯವರ ಆಳ್ವಿಕೆ ಘಟ್ಟ ಇಳಿದು ನಮ್ಮ ಕರಾವಳಿಯ ತನಕ ಬಂದಿತ್ತು. ಹಾಗಾಗಿ ಈ ಪುಸ್ತಕ ನಮಗೆ ಜಾಸ್ತಿ ಹತ್ತಿರದ್ದು.

ಇಡ್ಲಿಗೆ ಸಾವಿರ ವರ್ಷ ಆಯ್ತಂತೆ, ಹೌದಾ?

ಹೆಸರಿಗೆ ಆಗಿದೆ. ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಇದೆ. ಆದರೆ ಆ ಇಡ್ಡಲಿಗೆ ನಿಮ್ಮ ತಟ್ಟೆಗೆ ಬಂದರೆ ನಿಮಗೆ ಗುರುತು ಹತ್ತುವುದು ಕಷ್ಟ. ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ಮೊಸರಿನ ನೀರು ಹಾಕಿ ರುಬ್ಬಿ, ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಇಂಗು ಸೇರಿಸುತ್ತಾರೆ. ಅಕ್ಕಿಯ ಸುದ್ದಿಯೇ ಇಲ್ಲ. ಮಾನಸೋಲ್ಲಾಸದ ‘ಇಡ್ಡರಿಕಾ’ ಉದ್ದಿನ ಹಿಟ್ಟಿನ ಸಣ್ಣ ಉಂಡೆ, ಅದನ್ನು ತುಪ್ಪದಲ್ಲಿ ಕರಿಯುತ್ತಾರೆ. ಈಗಿನ ಇಡ್ಲಿಗೆ ಅಕ್ಕಿ ಬೇಕು, ರಾತ್ರಿಯಿಡೀ ಹುಳಿ ಬರಬೇಕು, ಹಬೆಯಲ್ಲಿ ಬೇಯಬೇಕು. ಈ ಮೂರೂ ಆ ಹಳೇ ವಿವರಗಳಲ್ಲಿ ಒಟ್ಟಿಗೆ ಸಿಗುವುದಿಲ್ಲ. ಹೆಸರು ನಿಂತಿತು, ತಿಂಡಿ ಬದಲಾಯಿತು.

ನಮ್ಮ ಕರಾವಳಿಯಲ್ಲೇ ಆಗ ಏನು ಉಣ್ಣುತ್ತಿದ್ದರು ಅಂತ ಯಾರಾದರೂ ಬರೆದಿಟ್ಟಿದ್ದಾರಾ?

ಬರೆದಿಟ್ಟಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳುವುದೆಂದರೆ ನನಗೆ ಬಹಳ ಖುಷಿ. ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಆಗ ಅಲ್ಲಿ ಸುಲ್ತಾನ ಜಮಾಲುದ್ದೀನ್ ಆಳುತ್ತಿದ್ದ. ಅವನ ಮನೆಯ ಊಟವನ್ನು ಬತೂತ ಒಂದೊಂದೇ ಬಡಿಸಿದ ಕ್ರಮದಲ್ಲಿ ಬರೆದಿದ್ದಾನೆ.

ಮೊದಲು ತಾಮ್ರದ ದೊಡ್ಡ ಸೌಟಿನಲ್ಲಿ ಒಂದು ಸೌಟು ಅನ್ನ. ಅದರ ಮೇಲೆ ತುಪ್ಪ. ಪಕ್ಕಕ್ಕೆ ಕಾಳುಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿ ಶುಂಠಿ, ನಿಂಬೆ ಮತ್ತು ಮಾವಿನಕಾಯಿಯ ಉಪ್ಪಿನಕಾಯಿ. ಅದು ಮುಗಿದ ಮೇಲೆ ಇನ್ನೊಂದು ಸೌಟು ಅನ್ನ, ಕೋಳಿ. ಆಮೇಲೆ ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತು ಅಂತ ಅರ್ಥ. ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲ ಅಂತ ಬಿಸಿನೀರು ಕುಡಿಯುತ್ತಿದ್ದರಂತೆ. ಅಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಬರೀ ಅನ್ನದಲ್ಲಿ ಇದ್ದೆ ಅಂತಲೂ ಬರೆದಿದ್ದಾನೆ.

ಈ ಊಟವನ್ನು ಇನ್ನೊಮ್ಮೆ ನೋಡಿ. ಬಾಳೆಲೆಯ ತುದಿಗೆ ಉಪ್ಪಿನಕಾಯಿ, ಮೊದಲ ಅನ್ನಕ್ಕೆ ತುಪ್ಪ, ಕೊನೆಯ ಅನ್ನಕ್ಕೆ ಮೊಸರು. ಊಟದ ಕ್ರಮ ಇವತ್ತಿಗೂ ಅದೇ. ಎಳೆ ಕಾಳುಮೆಣಸಿನ ಗೊಂಚಲನ್ನು ಉಪ್ಪು, ನಿಂಬೆರಸದಲ್ಲಿ ಹಾಕಿಡುವ ಮನೆಗಳು ಶಿರಸಿ, ಸಿದ್ದಾಪುರದಲ್ಲಿ ಈಗಲೂ ಇವೆ. ಆ ಊಟದಲ್ಲಿ ಇಲ್ಲದ್ದನ್ನೂ ಗಮನಿಸಿ: ಮೆಣಸಿನಕಾಯಿ ಇಲ್ಲ.

ಮೆಣಸಿನಕಾಯಿ ಇಲ್ಲದೆ ಮೀನುಸಾರು ಹೇಗೆ ಮಾಡುತ್ತಿದ್ದರು?

ಕಾಳುಮೆಣಸು, ಶುಂಠಿ, ಹಿಪ್ಪಲಿ. ಕರಾವಳಿಯಲ್ಲಿ ತೆಪ್ಪಲವೂ ಇತ್ತು. ಘಟ್ಟದ ಮೇಲೆ ಅದನ್ನು ಜುಮ್ಮನಕಾಯಿ ಅನ್ನುತ್ತಾರೆ. ಬಾಯಿಗೆ ಹಾಕಿದರೆ ನಾಲಿಗೆ ಜುಮ್ಮೆನ್ನುತ್ತದೆ. ಬಾಂಗಡೆ ಹುಮಣಕ್ಕೆ, ಅಂದರೆ ಬಾಂಗಡೆ ಮೀನಿನ ಸಾರಿಗೆ, ತೆಪ್ಪಲ ಬೀಳದಿದ್ದರೆ ಕಾರವಾರದವರಿಗೆ ಅದು ಹುಮಣವೇ ಅಲ್ಲ. ಚೀನಾದ ಸಿಚುವಾನ್ ಮೆಣಸು ಇದರದ್ದೇ ಕುಲದ್ದು.

ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ 1498ರಲ್ಲಿ ಬಂದ, ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲೂ ತಂಗಿದ್ದ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋಯಿತು. ಮೆಣಸಿನಕಾಯಿ ನಮ್ಮ ಕಡೆ ಹರಡಿದ್ದು ಅದಾದ ಮೇಲೆ. 1508ರ ಸೂಪಶಾಸ್ತ್ರದಲ್ಲಿ ಖಾರ ಅಂದರೆ ಕಾಳುಮೆಣಸೇ.

ಹೊಸ ಕಾಯಿಗೆ ಹೆಸರು ಎಲ್ಲಿಂದ ತರುವುದು? ಖಾರಕ್ಕೆ ನಮ್ಮಲ್ಲಿದ್ದ ಮಾತು ‘ಮೆಣಸು’. ಹೊಸದನ್ನು ‘ಮೆಣಸಿನಕಾಯಿ’ ಅಂದರು. ಆಮೇಲೆ ಅದೇ ಯಜಮಾನಿಕೆ ಮಾಡಿತು, ಹಳೇ ಮೆಣಸಿಗೆ ‘ಕಾಳು’ ಅಂತ ಸೇರಿಸಿ ಹೇಳಬೇಕಾಯಿತು. ಕೊಂಕಣಿಯಲ್ಲೂ ಹಾಗೇ. ಕಾಳುಮೆಣಸು ‘ಮಿರಿಂ’, ಮೆಣಸಿನಕಾಯಿ ‘ಮಿರ್ಸಾಂಗ್’. ಸ್ಪೇನಿನವರೂ ಕಾಳುಮೆಣಸಿನ ಹೆಸರನ್ನೇ ಸ್ವಲ್ಪ ತಿರುಚಿ ಇದಕ್ಕೆ ಇಟ್ಟರು.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂತಾ’, ಅಂದರೆ ಮೆಣಸಿನ ರಾಣಿ ಅನ್ನುತ್ತಿದ್ದರು. ಆ ಮೆಣಸು ಕಾಳುಮೆಣಸು. ಅವರು ಹುಡುಕಿಕೊಂಡು ಬಂದದ್ದು ನಮ್ಮ ಮೆಣಸನ್ನು, ಬಿಟ್ಟು ಹೋದದ್ದು ಅಮೆರಿಕದ್ದನ್ನು.

ಇದಕ್ಕೆ ಮನೆಯಲ್ಲೇ ಸಾಕ್ಷಿ ಬೇಕಾ? ಶ್ರಾದ್ಧದ ಅಡುಗೆ ನೋಡಿ. ಹಲವು ಮನೆಗಳಲ್ಲಿ ಆ ದಿನ ಮೆಣಸಿನಕಾಯಿ ಹಾಕುವುದಿಲ್ಲ, ಕಾಳುಮೆಣಸು ಮಾತ್ರ. ಬಟಾಟೆ, ಟೊಮೆಟೊ, ಕೋಸು ಒಳಗೆ ಬರುವ ಹಾಗಿಲ್ಲ. ಬಾಳೆಕಾಯಿ, ಕೆಸು, ಸುವರ್ಣಗಡ್ಡೆ, ಹಾಗಲಕಾಯಿ ನಡೆಯುತ್ತದೆ. ಹಿರಿಯರು ಏನು ಉಂಡಿದ್ದರೋ ಅದನ್ನೇ ಬಡಿಸಬೇಕು ಅನ್ನುವ ನಿಯಮ ಅಡುಗೆಯ ಇತಿಹಾಸವನ್ನೂ ಕಾಪಾಡಿಬಿಟ್ಟಿದೆ. ಅಡುಗೆಯ ಬಗ್ಗೆ ಆಸಕ್ತಿ ಇದ್ದವರು ಆ ದಿನದ ಎಲೆಯನ್ನು ಒಮ್ಮೆ ಗಮನವಿಟ್ಟು ನೋಡಬೇಕು ಅಂತ ನನ್ನ ಆಸೆ.

ಹಾಗಾದರೆ ಏಕಾದಶಿಯ ಸಾಬೂದಾಣೆ ಖಿಚಡಿ?

ಅದು ಹೊಸದು. ಈಗಿನ ಸಾಬೂದಾಣೆ ಮರಗೆಣಸಿನ ಹಿಟ್ಟಿನದ್ದು. ಮರಗೆಣಸು, ಶೇಂಗಾ, ಬಟಾಟೆ, ಹಸಿಮೆಣಸು ನಾಲ್ಕೂ ಅಮೆರಿಕ ಖಂಡದಿಂದ ಬಂದವು. ಶಾಸ್ತ್ರ ಬೇಡ ಅಂದದ್ದು ಧಾನ್ಯ. ಇವು ಯಾವುವೂ ಧಾನ್ಯದ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಉಪವಾಸಕ್ಕೆ ಒಗ್ಗಿಕೊಂಡವು. ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ.

ಗೇರು ನಮ್ಮದೇ ಮರ ಅಲ್ವಾ? ಗುಡ್ಡದ ತುಂಬ ಇದೆಯಲ್ಲ?

ಮರ ಬ್ರೆಜಿಲ್ ಕಡೆಯದ್ದು, ತಂದವರು ಪೋರ್ಚುಗೀಸರು. ‘ಕಾಜು’ ಅನ್ನುವ ಮಾತೂ ಅಲ್ಲಿನ ತುಪಿ ಜನರ ಭಾಷೆಯಿಂದ ಪೋರ್ಚುಗೀಸಿಗೆ, ಅಲ್ಲಿಂದ ಕೊಂಕಣಿಗೆ ಬಂದದ್ದು. ಆದರೆ ‘ಗೇರು’ ನಮ್ಮದೇ ಹಳೇ ಮಾತು. ಅದು ಮೊದಲು ಇದ್ದದ್ದು ಭಲ್ಲಾತಕದ ಮರಕ್ಕೆ. ಈಗ ಅದನ್ನು ಕರಿಗೇರು ಅನ್ನುತ್ತೇವೆ. ಅದರ ಕಾಯಿಯ ಕಪ್ಪು ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ರಸ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ.

ಈಗ ಗೇರುಬೀಜ ಸುಡುವುದನ್ನು ನೆನಪು ಮಾಡಿಕೊಳ್ಳಿ. ಅಂಗಳದ ಮೂಲೆಯಲ್ಲಿ ಬೆಂಕಿ, ಹಳೇ ಡಬ್ಬಿಯ ತಗಡು, ಮೇಲೆ ಬೀಜ. ಕಾದ ಹಾಗೆ ಸಿಪ್ಪೆಯಿಂದ ಎಣ್ಣೆ ಚಿರ್ರೆಂದು ಹಾರಿ ಬೆಂಕಿ ಹತ್ತಿಕೊಳ್ಳುತ್ತದೆ. ಮಕ್ಕಳನ್ನು ದೂರ ನಿಲ್ಲಿಸುತ್ತಾರೆ. ಆ ಎಣ್ಣೆ ತಾಗಿದ ಬೆರಳ ತುದಿಯ ಚರ್ಮ ಕಪ್ಪಾಗಿ ಸುಲಿದು ಬರುತ್ತದೆ. ಎರಡೂ ಮರ ಒಂದೇ ಕುಟುಂಬದವು, ಮಾವೂ ಅದೇ ಕುಟುಂಬ. ಹೊಸ ಮರದ ಬೀಜ ಚರ್ಮ ಸುಟ್ಟದ್ದು ನೋಡಿದ ನಮ್ಮವರಿಗೆ ಹಳೇ ಹೆಸರು ನೆನಪಾಗುವುದು ಸಹಜ. ಸಸ್ಯಶಾಸ್ತ್ರ ಓದದೆ ಸರಿಯಾದ ಸಂಬಂಧ ಗುರುತಿಸಿದ್ದಾರೆ!

ಪೋರ್ಚುಗೀಸರಿಂದ ಬಂದ ಬೇರೆ ಹೆಸರುಗಳು?

ಬಟಾಟೆ. ಬೆಂಗಳೂರಿನವರು ಆಲೂಗಡ್ಡೆ ಅಂದರೆ ನಾವು ಬಟಾಟೆ ಅನ್ನುತ್ತೇವೆ. ಕೆರಿಬಿಯನ್ ದ್ವೀಪದ ಜನ ಗೆಣಸಿಗೆ ಇಟ್ಟ ಹೆಸರು, ಪೋರ್ಚುಗೀಸರ ಬಾಯಿಂದ ನಮಗೆ ಸಿಕ್ಕಿತು. ಪಾವ್ ಅವರ ರೊಟ್ಟಿಯ ಹೆಸರು. ಅನಾನಸು ಕೂಡ ತುಪಿ ಮಾತು. ಪೇರಲಕ್ಕೆ ಅವರ ‘ಪೇರಾ’ ಮೂಲ, ಅದು ಬೇರೆಯೇ ಹಣ್ಣು, ಪೇರ್ಸ್. ಪಪ್ಪಾಯಿಗೆ ‘ಪರಂಗಿ ಹಣ್ಣು’ ಅಂದದ್ದು ಫರಂಗಿಗಳು ತಂದದ್ದು ಅಂತ.

ವಿಂದಾಲೂನಲ್ಲಿ ಆಲೂ ಇರಬೇಕಾ?

ಬೇಡ. ಪೋರ್ಚುಗೀಸಿನ ‘ವಿನ್ಯಾ ದಾಲ್ಯೋಸ್’ ಅನ್ನುವ ಮಾಂಸದ ಅಡುಗೆ ನಮ್ಮ ಕಡೆ ವಿಂದಾಲು ಆಯಿತು. ದ್ರಾಕ್ಷಾರಸ ಅಥವಾ ಅದರ ಹುಳಿ, ಜೊತೆಗೆ ಬೆಳ್ಳುಳ್ಳಿ. ಹೆಸರಿನಲ್ಲಿ ಇರುವುದು ಬೆಳ್ಳುಳ್ಳಿ, ಬಟಾಟೆ ಅಲ್ಲ.

ಮುರುಗಲು, ಕೋಕಂ, ಪುನರ್ಪುಳಿ, ಭಿಂಡಾ ಬೇರೆ ಬೇರೆಯಾ?

ಒಂದೇ ಹಣ್ಣು. ಶಿರಸಿ, ಕುಮಟಾ ಕಡೆ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಕೊಂಕಣಿಯವರಲ್ಲಿ ಭಿಂಡಾ, ಅಂಗಡಿಯ ಬಾಟಲಿಯ ಮೇಲೆ ಕೋಕಂ. ಸಿಪ್ಪೆಯನ್ನು ಅದರದ್ದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಸೋಲ. ಅದರಿಂದ ಸೋಲ್‌ಕಡಿ. ಇದು ಪಶ್ಚಿಮ ಘಟ್ಟದ್ದೇ ಮರ, ಯಾವ ಹಡಗಿನಲ್ಲೂ ಬಂದದ್ದಲ್ಲ.

ಉಪ್ಪಾಗೆ ಮಾತ್ರ ಬೇರೆ. ಅದೇ ಕುಲದ ಇನ್ನೊಂದು ಮರ. ಹಣ್ಣು ಕುಂಬಳದ ಹಾಗೆ ಗೀರು ಗೀರಾಗಿ ಹಳದಿ ಇರುತ್ತದೆ. ಮುರುಗಲು ಬೇಸಿಗೆಯಲ್ಲಿ ಹಣ್ಣಾದರೆ ಉಪ್ಪಾಗೆ ಮಳೆಯಲ್ಲಿ. ಬಿಸಿಲಿಲ್ಲದ ಕಾರಣ ಹೊಗೆಯಲ್ಲಿ ಒಣಗಿಸುತ್ತಾರೆ. ಇದರ ಬೀಜದಿಂದ ತೆಗೆದ ಉಪ್ಪಾಗೆ ತುಪ್ಪದಲ್ಲಿ ದೋಸೆ ಎರೆದು ತಿಂದವರು ಆ ರುಚಿ ಮರೆಯುವುದಿಲ್ಲ. ಈಗ ಅದನ್ನು ಮಾಡುವವರು ಕಡಿಮೆ. ನಿಮ್ಮೂರಿನಲ್ಲಿ ಮಾಡುವವರಿದ್ದರೆ ದಯವಿಟ್ಟು ಕೊಂಡುಕೊಳ್ಳಿ.

ತಂಬುಳಿ ಎಷ್ಟು ಹಳತು?

ಹೆಸರಂತೂ ಬಹಳ ಹಳತು, ಅದು ಹೆಸರಿನಲ್ಲೇ ಕಾಣುತ್ತದೆ. ತಣ್ಣನೆಯ ಹುಳಿ ತಂಬುಳಿ. ಹಳಗನ್ನಡದಲ್ಲಿ ಹುಳಿಗೆ ‘ಪುಳಿ’ ಅನ್ನುತ್ತಿದ್ದರು. ತಣ್ ಮತ್ತು ಪುಳಿ ಸೇರಿ ತಂಬುಳಿ. ಕಣ್ ಮತ್ತು ಪನಿ ಸೇರಿ ಕಂಬನಿ ಆದ ರೀತಿಯೇ. ಪಾಲು ಹಾಲಾಗಿ, ಪುಳಿ ಹುಳಿಯಾಗುವ ಮೊದಲೇ ಕಟ್ಟಿದ ಹೆಸರು ಇದು. ಪುನರ್ಪುಳಿಯಲ್ಲಿ ಇರುವುದೂ ಅದೇ ಪುಳಿ. ತುಳುವಿನಲ್ಲಿ ಪ ಉಳಿದಿದೆ.

ಮಾಡುವುದು ಸುಲಭ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆಗೆ ಬೆರೆಸುವುದು. ಕುದಿಸುವ ಹಾಗಿಲ್ಲ. ಕುದಿಸಿದರೆ ಹೆಸರಿನ ಮೊದಲರ್ಧ ಸುಳ್ಳಾಗುತ್ತದೆ.

ಹೋಳಿಗೆಯದ್ದೂ ಇದೇ ಕಥೆ. ಪೋಳಿಗೆ ಹೋಳಿಗೆ ಆಯಿತು, ಪೂರಣ ಹೂರಣ ಆಯಿತು. ಮಾನಸೋಲ್ಲಾಸದಲ್ಲೂ ಸಿಹಿ ತುಂಬಿದ ಪೋಳಿಗೆಯ ವಿವರ ಇದೆ. ಹೆಸರು ಮತ್ತು ತಿಂಡಿ ಎರಡೂ ಜೊತೆಯಾಗಿ ಬಂದ ಅಪರೂಪದ ಉದಾಹರಣೆ ಅದು.

ತೊಡದೇವು ಅನ್ನುವ ಹೆಸರು ಯಾಕೆ?

ಅದನ್ನು ಮಾಡುವುದು ನೋಡಿದರೆ ಕೇಳುವ ಅಗತ್ಯವೇ ಇಲ್ಲ. ತೊಡೆಯುವುದು ಅಂದರೆ ಸವರುವುದು. ಆಲೆಮನೆಯ ಕಾಲದಲ್ಲಿ ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲು ಹಾಕಿ ನುಣ್ಣಗೆ ಬೀಸಿ, ನೀರಿನಷ್ಟು ತೆಳ್ಳಗೆ ಮಾಡಿಕೊಳ್ಳುತ್ತಾರೆ. ದೊಡ್ಡ ಹೊಟ್ಟೆಯ ಮಣ್ಣಿನ ಮಡಕೆಯನ್ನು ಒಲೆಯ ಮೇಲೆ ಕವುಚಿ ಇಡುತ್ತಾರೆ, ಬೆಂಕಿ ಅದರ ಒಳಗೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿಗೆ ಅದ್ದಿ ಮಡಕೆಯ ಬೆನ್ನಿನ ಮೇಲೆ ಒಂದೇ ಸಲ ಎಳೆಯುತ್ತಾರೆ. ಕ್ಷಣದಲ್ಲಿ ಅಂಚು ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು. ಆರಿದರೆ ಮುರಿದು ಹೋಗುತ್ತದೆ. ಮಡಕೆಯೂ ಹೊಸತಾದರೆ ಕೊಡುವುದಿಲ್ಲ, ಎಣ್ಣೆ ಕುಡಿದು ಪಳಗಿರಬೇಕು. ಹೆಸರು ಕೈ ಮಾಡುವ ಕೆಲಸದಿಂದ ಬಂದಿದೆ. ಸುಟ್ಟೇವು, ತೆಳ್ಳೇವು ಇವೂ ಹಾಗೆ, ಕೆಲಸ ಅಥವಾ ರೂಪ ನೋಡಿ ಇಟ್ಟ ಹೆಸರುಗಳು.

ಭಟ್ಕಳದ ಬಿರಿಯಾನಿ ಎಲ್ಲಿಯದು?

‘ಬಿರಿಯಾನಿ’ ಪಾರ್ಸಿ ಮಾತು, ಹುರಿಯುವುದಕ್ಕೆ ಸಂಬಂಧಪಟ್ಟದ್ದು. ಆದರೆ ಭಟ್ಕಳದ್ದು ಅಲ್ಲಿನ ನವಾಯತ ಮುಸ್ಲಿಮರ ಕೈಯಲ್ಲಿ ತನ್ನದೇ ದಾರಿ ಹಿಡಿದಿದೆ. ಈರುಳ್ಳಿ ಧಾರಾಳ, ಮಸಾಲೆ ಒಂದು ಕಡೆ, ಅನ್ನ ಒಂದು ಕಡೆ ಬೇಯಿಸಿ ಪದರ ಹಾಕುವುದು. ಶಾವಿಗೆಯಲ್ಲಿ ಮಾಡುವ ಬಿರಿಯಾನಿಯೂ ಅವರಲ್ಲಿ ಇದೆ. ಅವರ ನವಾಯತಿ ಮಾತಿನ ಬುಡ ಕೊಂಕಣಿ, ಮೇಲೆ ಅರಬಿ, ಪಾರ್ಸಿ. ಅಡುಗೆಯೂ ಹಾಗೇ ಇದೆ.

ಸಾಂಬಾರ್ ಹೆಸರು ಸಂಭಾಜಿಯಿಂದ ಬಂತಂತೆ?

ತಂಜಾವೂರಿನಲ್ಲಿ ಮರಾಠ ರಾಜ ಸಂಭಾಜಿಗಾಗಿ ಮಾಡಿದ್ದಕ್ಕೆ ಆ ಹೆಸರು ಬಂತು ಅನ್ನುವ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಸಂಸ್ಕೃತದಲ್ಲಿ ‘ಸಂಭಾರ’ ಅಂದರೆ ಒಟ್ಟುಗೂಡಿಸಿದ ಸಾಮಗ್ರಿ. ಕನ್ನಡದಲ್ಲಿ ‘ಸಂಬಾರ ಪದಾರ್ಥ’ ಅಂತ ಈಗಲೂ ಮಸಾಲೆಗೆ ಹೇಳುತ್ತೇವೆ. ಇಷ್ಟು ಹತ್ತಿರ ಮಾತು ಇರುವಾಗ ರಾಜನ ಹೆಸರು ಯಾಕೆ ಬೇಕು? ನಮ್ಮ ಹಳೇ ತಲೆಮಾರಿನವರಂತೂ ಹುಳಿ ಅಂತಲೇ ಅನ್ನುತ್ತಾರೆ.

ಚಹಾ ಮತ್ತು ಟೀ, ಎರಡು ಹೆಸರು ಯಾಕೆ?

ಎರಡೂ ಚೀನಾದವೇ. ಅಲ್ಲಿ ಬಹುಪಾಲು ಕಡೆ ‘ಚಾ’, ಫುಜಿಯನ್ ಕಡೆ ‘ತೆ’. ಪೋರ್ಚುಗೀಸರು ಚಾ ಹಿಡಿದರು, ಡಚ್ಚರು ತೆ ಹಿಡಿದು ಯುರೋಪಿಗೆ ಒಯ್ದರು.

ಸಾರಸ್ವತರ ಅಡುಗೆಗೆ ಪುಸ್ತಕ ಇದೆಯಾ?

ಇದೆ. ಅಂಬಾಬಾಯಿ ಸಂಶಿ ಮರಾಠಿಯಲ್ಲಿ ಬರೆದ ‘ರಸಚಂದ್ರಿಕಾ’, ಆಮೇಲೆ ಇಂಗ್ಲಿಷಿಗೂ ಬಂತು. ದಾಳಿತೋಯ, ಅಂಬಟ್, ಘಶಿ, ಪತ್ರೊಡೆ ಎಲ್ಲ ಸಿಗುತ್ತವೆ. ದಾಳಿತೋಯದ ‘ತೋಯ’ ಸಂಸ್ಕೃತದ ನೀರು.

ಹಳೇ ಪುಸ್ತಕದ ಅಳತೆ ಈಗ ಹೇಗೆ ತಿಳಿಯುವುದು?

ಮೆಟ್ರಿಕ್ ಅಳತೆ 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಬಂತು. ಅದಕ್ಕೂ ಹಿಂದಿನ ಪುಸ್ತಕವಾದರೆ ತೊಲ, ಸೇರು, ಪಾವು ಇರುತ್ತದೆ. ಒಂದು ತೊಲ ಸುಮಾರು 11.66 ಗ್ರಾಂ. 80 ತೊಲದ ಸೇರು ಸುಮಾರು 933 ಗ್ರಾಂ. ಆದರೆ ಇದು ತೂಕದ ಸೇರು. ಅಕ್ಕಿ ಅಳೆಯುವ ಸೇರು ಬೇರೆ, ಅದು ಊರಿಂದ ಊರಿಗೆ ಬದಲಾಗುತ್ತಿತ್ತು. ಹಾಗಾಗಿ ಸೇರನ್ನು ಸೀದಾ ಕಿಲೋಗೆ ತಿರುಗಿಸಬೇಡಿ. ಪಾವು ಸಾಮಾನ್ಯವಾಗಿ ಸೇರಿನ ಕಾಲುಭಾಗ. ಪ್ರಮಾಣ ಹಿಡಿದು ಹೋದರೆ ತಪ್ಪುವುದಿಲ್ಲ: ಇಷ್ಟು ಪಾಲು ಅಕ್ಕಿಗೆ ಇಷ್ಟು ಪಾಲು ಉದ್ದು.

ನಮ್ಮ ಮನೆಯ ಅಡುಗೆ ಬರೆದಿಡಬೇಕು, ಎಲ್ಲಿಂದ ಶುರು ಮಾಡಲಿ?

ಆಯಿ ಅಡುಗೆ ಮಾಡುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂರಿ. ‘ಎಷ್ಟು ಹಾಕುತ್ತೀರಿ’ ಅಂತ ಕೇಳಿದರೆ ‘ಬೇಕಾದಷ್ಟು’ ಅನ್ನುತ್ತಾರೆ. ಅವರು ಕೈಯಲ್ಲಿ ಹಿಡಿದ ಉಪ್ಪನ್ನು ಪಾತ್ರೆಗೆ ಬೀಳುವ ಮೊದಲು ತೂಗಿಕೊಳ್ಳಿ. ಪಾತ್ರೆ ಯಾವುದು, ಒಲೆ ಕಟ್ಟಿಗೆಯದ್ದೋ ಗ್ಯಾಸೋ ಅದನ್ನೂ ಬರೆಯಿರಿ.

ಸಾಮಾನಿನ ಹೆಸರು ಪೂರ್ತಿ ಬರೆಯಿರಿ. ‘ಮಾವಿನಮಿಡಿ’ ಅಂದರೆ ಸಾಲದು. ಅಪ್ಪೆಮಿಡಿಯಲ್ಲಿ ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಒಂದು ಜೀರಿಗೆಯದ್ದು, ಇನ್ನೊಂದು ಕರ್ಪೂರದ್ದು. ಗೊರಟು ನೆಟ್ಟರೆ ಅದೇ ಗುಣ ಬರುವುದಿಲ್ಲ, ಕಸಿಯೇ ಕಟ್ಟಬೇಕು. ಹೊಳೆದಂಡೆಯ ಆ ಮರ ಬಿದ್ದರೆ ಆ ರುಚಿಯೂ ಹೋಯಿತು. ಯಾವ ಹೊಳೆ, ಯಾವ ಮರ, ಮಿಡಿ ಉಪ್ಪಿನಲ್ಲಿ ಎಷ್ಟು ದಿನಕ್ಕೆ ಚಿರುಟಿತು ಅನ್ನುವುದೆಲ್ಲ ಪುಸ್ತಕದಲ್ಲಿ ಇರಲಿ. ಅಕ್ಕಿಯೂ ಹಾಗೇ. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಬೆಳೆಯುವ ಕಗ್ಗದ ಅಕ್ಕಿಯ ಗಂಜಿ ಬೇರೆ, ಅಂಗಡಿ ಅಕ್ಕಿಯದ್ದು ಬೇರೆ.

ಹೆಸರನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮನೆಯಲ್ಲಿ ‘ಹಶಿ’ ಅಂದರೆ ‘ಹಶಿ’ ಅಂತಲೇ ಬರೆಯಿರಿ, ಮೊಸರುಬಜ್ಜಿ ಮಾಡಬೇಡಿ. ನೆರೆಯ ಕೊಂಕಣಿಯವರು, ನಾಮಧಾರಿಗಳು, ಹಾಲಕ್ಕಿಗಳು ಅದಕ್ಕೇ ಏನನ್ನುತ್ತಾರೆ ಅಂತ ಕೇಳಿ ಪಕ್ಕದಲ್ಲಿ ಸೇರಿಸಿ. ಪುಟದ ಕೊನೆಗೆ ಯಾರಿಂದ ಕಲಿತದ್ದು, ಅವರ ತವರು ಯಾವ ಊರು, ಬರೆದ ವರ್ಷ ಯಾವುದು ಅಂತ ಹಾಕಿ. ಒಂದು ಅಡುಗೆ ಘಟ್ಟ ಇಳಿದು ಬಂತೋ, ಹತ್ತಿ ಹೋಯಿತೋ ಅಂತ ಮುಂದೆ ಹುಡುಕುವವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಆ ತವರೂರಿನ ಹೆಸರು.